ಉಳಿಗೆ ಬೇಕಾದ ಕೈ

ಮುದಿ ಬಡಗಿ ಮೌನೇಶಾಚಾರಿಗೆ ಕಾಯಿಲೆ ಹೆಚ್ಚಾಯಿತು. ಅವನು ತನ್ನ ಹತಾರಗಳಿಗೆ, "ನಾನು ಹೋದ ಮೇಲೆ ನಿಮ್ಮನ್ನು ದೇವರ ಮನೆಯಲ್ಲಿಟ್ಟು ಪೂಜಿಸುವಂತೆ ಹೇಳುತ್ತೇನೆ" ಎಂದನು.

ಗರಗಸ ಹಿಗ್ಗಿತು. ಆದರೆ ಉಳಿ, "ಒಡೆಯಾ, ಕುಂಕುಮ ಹಚ್ಚಿದರೂ ತುಕ್ಕು ಬಿಡುವುದಿಲ್ಲ. ನಮಗೆ ಕೆಲಸದ ಕೈ ಬೇಕು. ಪಕ್ಕದ ಮನೆಯ ಸಿದ್ದವ್ವ ಈಳಿಗೆಯಿಂದ ಮರದ ಬೊಂಬೆ ಕೆತ್ತಲು ಒದ್ದಾಡುತ್ತಿದ್ದಾಳೆ" ಎಂದಿತು.

"ಅವಳು ನನ್ನ ಹಲ್ಲು ಮುರಿದಾಳು!" ಎಂದು ಗರಗಸ ಹೆದರಿತು.

"ನಿನ್ನ ಹಲ್ಲನ್ನು ಮೊದಲು ಮುರಿದವನು ನಾನೇ" ಎಂದು ಆಚಾರಿ ನಕ್ಕು, ಸಿದ್ದವ್ವನನ್ನು ಕರೆಸಿ ಹತಾರಗಳ ಪೆಟ್ಟಿಗೆಯನ್ನೇ ಕೊಟ್ಟನು.

ಸಿದ್ದವ್ವ ಗಾಬರಿಯಾದಳು. "ಇದೇನಜ್ಜಾ, ನೀವಿನ್ನೂ ಇದ್ದೀರಲ್ಲ!"

"ಅದಕ್ಕೇ ಈಗ ಕೊಡುತ್ತಿದ್ದೇನೆ. ಕೂತುಕೋ, ಉಳಿ ಹಿಡಿಯುವುದು ಹೇಗೆಂದು ತೋರಿಸುತ್ತೇನೆ" ಎಂದು ಆಚಾರಿ ಹಾಸಿಗೆಯಿಂದ ಎದ್ದು ಕುಳಿತನು.