ತೊಳೆದ ಗಡಿಗೆ

"ಅವ್ವಾರೇ, ನನ್ನ ಮಾತು ಮತ್ತೆ ಅರ್ಧಕ್ಕೆ ನಿಂತಿತು. ಈ ಮನೆಯಲ್ಲಿ ಒಂದು ಪ್ರಶ್ನೆ ಕೇಳಬೇಕಾದರೆ ಮೊದಲು ಓಣಿಗೆಲ್ಲ ಹೆಪ್ಪು ಹಂಚಿ ಮುಗಿಯಬೇಕೇನು?" ಎಂದಳು ಮಹಾನಂದಾ.

ನಿಂಬೆವ್ವ ಬಟ್ಟಲು ಹಿಡಿದು ಬಂದ ಹುಡುಗಿಗೆ ಒಂದು ಚಮಚ ಮೊಸರು ಹಾಕಿ ಕಳಿಸಿ, ಬಂದು ಚಾಪೆಯ ಮೇಲೆ ಕೂತರು. ಮಧ್ಯಾಹ್ನ ಅವರು ಓಣಿಯ ಹೆಣ್ಣುಮಕ್ಕಳಿಗೆ ವಚನ ಹಾಡುವುದನ್ನು ಕಲಿಸುತ್ತಿದ್ದರು. ಪಾಠ ಮುಗಿದು ಉಳಿದವರು ಎದ್ದು ಹೋದ ಮೇಲೂ ಮಹಾನಂದಾ ಕೂತಿದ್ದಳು. ಸಂಜೆ ದೀಪ ಹಚ್ಚುವವರೆಗೆ ಹೆಪ್ಪು ಕೇಳಿ ಬಂದವರನ್ನು ನಿಂಬೆವ್ವ ಬರಿಗೈಯಲ್ಲಿ ಕಳಿಸಿದವರಲ್ಲ. ದೀಪ ಹಚ್ಚಿದ ಮೇಲೆ ಮಾತ್ರ ಯಾರಿಗೂ ಕೊಡುತ್ತಿರಲಿಲ್ಲ. ಹೀಗಾಗಿ ಹಗಲೆಲ್ಲ ಬಾಗಿಲಲ್ಲಿ ಬಟ್ಟಲುಗಳು ತಪ್ಪುತ್ತಿರಲಿಲ್ಲ.

"ಈಗ ಕೇಳು," ಎಂದರು.

ಮಹಾನಂದಾ ಸೆರಗು ಸರಿಪಡಿಸಿಕೊಂಡಳು. ಅವಳು ಮಸಾಲೆ ಖಾರ ಕುಟ್ಟಿ ಮಾರುವವಳು. ಅವಳ ಖಾರದ ಡಬ್ಬಿ ಇಲ್ಲದ ಅಡುಗೆಮನೆ ಆ ಪೇಟೆಯಲ್ಲಿ ಕಡಿಮೆ. ಯಾರ ಮುಂದೆಯೂ ಕೈಯೊಡ್ಡದೆ ಬದುಕುತ್ತೇನೆ ಎಂಬುದು ಅವಳು ಕೂರುವ ರೀತಿಯಲ್ಲೇ ಕಾಣುತ್ತಿತ್ತು.

"ನಾನು ಕೈಗೂಸಾಗಿದ್ದಾಗ ನಮ್ಮವ್ವ ಟೆಂಟ್ ಟಾಕೀಸಿಗೆ ಸಿನಿಮಾ ನೋಡಲು ಹೋಗಿದ್ದಳಂತೆ. ನಡುವೆ ನಾನು ಅತ್ತು ರಂಪ ಮಾಡಿದೆನಂತೆ, ಎತ್ತಿಕೊಂಡು ಎದ್ದು ಬಂದಳಂತೆ. ಅದರ ಕೊನೆ ಏನಾಯಿತು ಎಂದು ಅವಳಿಗೆ ಈವತ್ತಿಗೂ ಗೊತ್ತಿಲ್ಲ. ಆ ಸಿನಿಮಾವನ್ನು ನಾನು ಆ್ಯಪ್‌ನಲ್ಲಿ ಕೊಂಡೆ. ಖಾರ ಮಾರಿದ ದುಡ್ಡು ಕೊಟ್ಟು ಕೊಂಡೆ. ಡಬ್ಬಿ ಇಲ್ಲ, ತಟ್ಟೆ ಇಲ್ಲ, ಹೊತ್ತು ತರುವ ಕೂಲಿ ಇಲ್ಲ. ಆದರೂ ಮೊದಲು ಅಂಗಡಿಯಲ್ಲಿ ಸಿಗುತ್ತಿದ್ದ ಸಿಡಿಗಿಂತ ಬೆಲೆ ಜಾಸ್ತಿ. ಇರಲಿ ಎಂದೆ. ನಮ್ಮವ್ವನ ಫೋನಿಗೆ ಹಾಕಿದರೆ ತೆರೆಯುವುದಿಲ್ಲ. ನನ್ನ ಫೋನನ್ನೇ ಒಯ್ದೆ. ಅವಳಿರುವ ತೋಟದಲ್ಲಿ ನೆಟ್ ಬರುವುದಿಲ್ಲ. ನೆಟ್ ಇಲ್ಲದೆ ನೀನು ಯಾರೆಂದು ಗೊತ್ತಾಗುವುದಿಲ್ಲ ಎಂದಿತು ಆ ಆ್ಯಪ್. ದುಡ್ಡು ಇಸಿದುಕೊಳ್ಳುವಾಗ ನಾನು ಯಾರೆಂದು ಚೆನ್ನಾಗಿ ಗೊತ್ತಿತ್ತು."

"ಅವಳನ್ನೇ ಇಲ್ಲಿಗೆ ಕರೆದುಕೊಂಡು ಬರಬಹುದಿತ್ತಲ್ಲ."

"ಎಮ್ಮೆ ಬಿಟ್ಟು ಬರುವುದಿಲ್ಲ. ಎಮ್ಮೆಗೂ ಟಿಕೆಟ್ ತೆಗೆಸು ಎನ್ನುತ್ತಾಳೆ."

ನಿಂಬೆವ್ವ ನಕ್ಕರು.

"ನನ್ನ ತಮ್ಮ ನನ್ನನ್ನು ಆಡಿಕೊಳ್ಳುತ್ತಾನೆ. ಮೊಬೈಲ್ ಅಂಗಡಿಯಲ್ಲಿ ಚಹಾದ ದುಡ್ಡಿಗೆ ಅದೇ ಸಿನಿಮಾ ತುಂಬಿಕೊಡುತ್ತಾರಂತೆ. ಎಷ್ಟು ಫೋನಿಗೆ ಬೇಕಾದರೂ ಹಾಕು, ಯಾರೂ ಕೇಳುವುದಿಲ್ಲವಂತೆ. ಕದ್ದದ್ದನ್ನು ಹೆತ್ತವಳ ಕೈಯಲ್ಲಿಡುವ ಮಗಳು ನಾನಲ್ಲ ಎಂದೆ. ಅಂದದ್ದೇನೋ ಅಂದೆ. ಆದರೆ ನಮ್ಮವ್ವನ ಕಣ್ಣಿಗೆ ಪೊರೆ ಬರುತ್ತಿದೆ. ಅವ್ವಾರೇ, ದುಡ್ಡು ಕೊಟ್ಟ ಮೇಲೂ ನನ್ನದಲ್ಲ ಎಂದರೆ ಅದು ಎಂಥ…"

"ಅವ್ವಾರೇ, ಇದ್ದೀರಾ?" ಎಂದು ಬಾಗಿಲಲ್ಲಿ ದನಿ ಕೇಳಿಸಿತು.

ಮಹಾನಂದಾ ಕಣ್ಣು ಮುಚ್ಚಿಕೊಂಡಳು. ಬಂದವಳು ಶಾಂಭವಿ, ಮಹಾನಂದಾಳ ಮೈದುನನ ಹೆಂಡತಿ. ಅವಳ ಕೈಯಲ್ಲೂ ಬಟ್ಟಲಿತ್ತು. ನಿಂಬೆವ್ವ ಮೊಸರು ಹಾಕುವಷ್ಟರಲ್ಲಿ ಅವಳು ಮಹಾನಂದಾಳ ಕಡೆ ತಿರುಗಿದಳು.

"ಅಕ್ಕಾ, ನೀ ಹೇಳಿದ ಹಾಗೇ ಖಾರ ಕುಟ್ಟಿದೆ. ನೀ ಹೇಳಿದ್ದೆಲ್ಲ ಹಾಕಿದೆ. ನಿನ್ನ ಖಾರದ ಘಮ ಬರಲೇ ಇಲ್ಲ."

"ಅದು ಕೈಗುಣ ಕಣೆ," ಎಂದಳು ಮಹಾನಂದಾ.

ಶಾಂಭವಿ ತನ್ನ ಕೈಯನ್ನೊಮ್ಮೆ ನೋಡಿಕೊಂಡು ಬಟ್ಟಲು ಹಿಡಿದು ಹೋದಳು. ನಿಂಬೆವ್ವ ಬಂದು ಕೂತರು. ಒಂದು ಕತೆ ಹೇಳಿದರು.

"ಒಂದೂರಿನಲ್ಲಿ ಒಬ್ಬ ಗೌಳಿಗಿತ್ತಿ ಇದ್ದಳು. ಅವಳ ಮೊಸರು ಗಡಿಗೆ ಬೋರಲು ಹಾಕಿದರೂ ಬೀಳುತ್ತಿರಲಿಲ್ಲ. ಅವಳು ಅದಕ್ಕೆ ಉಳಿದವರ ಎರಡರಷ್ಟು ಬೆಲೆ ಹೇಳುತ್ತಿದ್ದಳು. ಜೊತೆಗೆ ಒಂದು ಷರತ್ತು ಇತ್ತು. ಮೊಸರನ್ನು ಕೊಂಡವರ ಮನೆಯಲ್ಲೇ ಉಣ್ಣಬೇಕು. ಹೊಸ್ತಿಲು ದಾಟಿಸಬಾರದು. ಒಂದು ಚಮಚವನ್ನೂ ಹೆಪ್ಪಿಗೆ ಉಳಿಸಿಕೊಳ್ಳಬಾರದು. ಉಂಡು ಮುಗಿಯುವವರೆಗೆ ಅವಳು ಬಾಗಿಲಲ್ಲಿ ಕೂರುತ್ತಿದ್ದಳು. ಮುಗಿದ ಮೇಲೆ ಕುದಿಯುವ ನೀರು ಕೇಳಿ ಇಸಿದುಕೊಂಡು ಗಡಿಗೆಯನ್ನು ತಾನೇ ತೊಳೆಯುತ್ತಿದ್ದಳು.

ಒಬ್ಬ ವ್ಯಾಪಾರಿಯ ಹೆಂಡತಿ ಮೊಸರು ಕೊಂಡಳು. ಅನ್ನದ ಜೊತೆ ನಂಜಿಕೊಳ್ಳುವವಳ ಹಾಗೆ ತೊಟ್ಟು ಮುರಿಯದ ಒಣಮೆಣಸಿನಕಾಯಿಯನ್ನು ಮೊಸರಿನಲ್ಲಿ ಅದ್ದಿದಳು. ಕಚ್ಚದೆ ಅದನ್ನು ಸೆರಗಿನಲ್ಲಿ ಮುಚ್ಚಿಟ್ಟಳು. ಗೌಳಿಗಿತ್ತಿ ಹೋದ ಮೇಲೆ ಆ ಮೆಣಸಿನಕಾಯಿಯನ್ನು ಉಗುರುಬೆಚ್ಚಗಿನ ಹಾಲಿಗೆ ಹಾಕಿದಳು. ಬೆಳಗಾಗುವಷ್ಟರಲ್ಲಿ ಹಾಲು ಮೊಸರಾಗಿತ್ತು. ಅವಳು ಓಣಿಗೆಲ್ಲ ಹೆಪ್ಪು ಕೊಟ್ಟಳು.

ಒಬ್ಬ ರೈತನ ಹೆಂಡತಿ ಮಾತ್ರ ಕದ್ದ ಹೆಪ್ಪು ಬೇಡ ಎಂದಳು. ದಿನವೂ ಬೆಲೆ ಕೊಟ್ಟು ಕೊಂಡಳು. ಬಾಗಿಲಲ್ಲಿ ಕಾವಲಿಟ್ಟುಕೊಂಡು ಉಂಡಳು. ಓಣಿಯವರು ನಕ್ಕರು. ಅವಳು ತಲೆ ಎತ್ತಿಯೇ ನಡೆದಳು."

"ಹಾಗೇ ನಡೆಯಬೇಕು," ಎಂದಳು ಮಹಾನಂದಾ.

"ಒಂದು ದಿನ ಅವಳಿಗೂ ತಡೆಯಲಾಗಲಿಲ್ಲ. 'ಕದ್ದವರ ಮನೆಯಲ್ಲಿ ಗಡಿಗೆ ತುಂಬಿದೆ. ಬೆಲೆ ಕೊಟ್ಟ ನನ್ನ ಗಡಿಗೆಗೆ ನೀನು ಬಿಸಿನೀರು ಹೊಯ್ಯುತ್ತೀ. ನನ್ನ ಮೇಲೇಕೆ ಈ ಕಾವಲು?' ಎಂದು ಕೇಳಿದಳು.

'ಕಳ್ಳರ ಮನೆಯಲ್ಲಿ ನನ್ನನ್ನು ಒಳಗೆ ಯಾರು ಬಿಡುತ್ತಾರೆ ತಂಗಿ? ನೀನು ಬಾಗಿಲು ತೆರೆಯುತ್ತೀ. ಅದಕ್ಕೇ ನಿನ್ನ ಬಾಗಿಲಲ್ಲಿ ಕೂರುತ್ತೇನೆ,' ಎಂದಳು ಗೌಳಿಗಿತ್ತಿ."

ಮಹಾನಂದಾಳಿಗೆ ತನ್ನ ಫೋನು ನೆನಪಾಯಿತು. ಅವಳು ತುಟಿ ಕಚ್ಚಿ ಕತೆಗೆ ಕಿವಿಗೊಟ್ಟಳು. ನಿಂಬೆವ್ವ ಮುಂದುವರಿಸಿದರು.

"ಬೇಸಿಗೆಯಲ್ಲಿ ಗೌಳಿಗಿತ್ತಿ ಬೀಗರ ಊರಿಗೆ ಮದುವೆಗೆ ಹೋದಳು. ಮದುವೆ ಮನೆಯವರು ಬಿಡಲಿಲ್ಲ. ಹೋದವಳು ವಾರಗಟ್ಟಲೆ ಅಲ್ಲೇ ಉಳಿದಳು. ತಿರುಗಿ ಬಂದು ನೋಡಿದರೆ ಅವಳ ಹೆಪ್ಪಿನ ಗಡಿಗೆಗೆ ಬೂಷ್ಟು ಹಿಡಿದು ನಾರುತ್ತಿತ್ತು. ಹುಣಸೆಹಣ್ಣು ಹಾಕಿ ನೋಡಿದಳು, ನಿಂಬೆರಸ ಹಿಂಡಿ ನೋಡಿದಳು. ಹಾಲು ಒಡೆಯಿತು. ಹೆಪ್ಪುಗಟ್ಟಿದಾಗಲೂ ಆ ರುಚಿ ಬರಲಿಲ್ಲ. ಅವಳ ಅತ್ತೆ ಕೊಟ್ಟ ಹೆಪ್ಪು, ಅತ್ತೆಗೆ ಅವಳ ಅತ್ತೆ ಕೊಟ್ಟದ್ದು, ಅಲ್ಲಿಗೆ ಸತ್ತಿತು.

ವ್ಯಾಪಾರಿಯ ಹೆಂಡತಿಯ ಹತ್ತಿರ ಹೋಗಲು ಮನಸ್ಸು ಬರಲಿಲ್ಲ. ಬಟ್ಟಲು ಹಿಡಿದು ರೈತನ ಹೆಂಡತಿಯ ಬಾಗಿಲಿಗೆ ಬಂದಳು. 'ತಂಗಿ, ದೀಪ ಹಚ್ಚುವ ಹೊತ್ತಾಯಿತು. ನನ್ನ ಹಳೆಯ ಮೊಸರಿನ ಒಂದು ಚಮಚ ಉಳಿದಿದ್ದರೆ ಕೊಡು,' ಎಂದಳು.

ರೈತನ ಹೆಂಡತಿ ಒಳಗೆ ಹೋಗಿ ಗಡಿಗೆ ತಂದು ಅವಳ ಮುಂದೆ ಇಟ್ಟಳು. ಅದರಲ್ಲಿ ಮೊಸರಿನ ವಾಸನೆಯೂ ಇರಲಿಲ್ಲ. 'ಇದನ್ನು ತೊಳೆದವಳು ನೀನೇ ಅಕ್ಕ,' ಎಂದಳು.

ಗೌಳಿಗಿತ್ತಿ ಎದ್ದು ವ್ಯಾಪಾರಿಯ ಮನೆಗೆ ಹೋದಳು. ತನ್ನ ಮೊಸರನ್ನು ತಾನೇ ಬೇಡಿ ತಂದಳು."

ಕತೆ ನಿಂತಿತು. ಹೊರಗೆ ಬಿಸಿಲು ಇಳಿದಿತ್ತು. ಮಹಾನಂದಾಳ ಮುಖದಲ್ಲಿ ನಗು ಅರಳಿತ್ತು. ಆ ರೈತನ ಹೆಂಡತಿಯ ಗಡಿಗೆಯನ್ನು ತಾನೇ ತಂದು ಇಟ್ಟಷ್ಟು ಸಮಾಧಾನ ಅವಳಿಗಾಗಿತ್ತು.

"ಹಾಗೇ ಆಗಬೇಕಿತ್ತು ಅವಳಿಗೆ," ಎಂದಳು. "ನಂಬಿದವರನ್ನು ಕಳ್ಳರ ಹಾಗೆ ಕಾಯುವವಳಿಗೆ ಕೊನೆಗೆ ಕಳ್ಳರ ಬಾಗಿಲೇ ಗತಿ. ಒಂದು ಚಮಚ ಕೊಟ್ಟಿದ್ದರೆ ಅವಳ ಗಂಟೇನು ಹೋಗುತ್ತಿತ್ತು? ಮಾರುವವರಿಗೆ ಇಷ್ಟೂ ಅರ್ಥವಾಗುವುದಿಲ್ಲವೇ ಅವ್ವಾರೇ?"

ನಿಂಬೆವ್ವ ಶಾಂಭವಿ ಹೋದ ಬಾಗಿಲನ್ನು ನೋಡುತ್ತಿದ್ದರು. ಮಹಾನಂದಾಳ ಕಡೆ ತಿರುಗಿ ಕೇಳಿದರು.

"ಶಾಂಭವಿಗೆ ಖಾರ ಹೇಳಿಕೊಡುವಾಗ ಯಾವ ಸಾಮಾನಿನ ಹೆಸರು ನುಂಗಿಕೊಂಡೆ, ಮಗಳೇ?"