ಕಿವುಡೋಜನ ಗುಡಿ

ಕರೇಗಲ್ಲೂರಿನ ಪಡುವಣ ದಿಬ್ಬದ ಮೇಲೆ ಇಂದಿಗೂ ಒಂದು ಗುಡಿಯಿದೆ. ಕಂಬಗಳಲ್ಲಿ ಮುಖ ನೋಡಿಕೊಳ್ಳಬಹುದು, ಅಷ್ಟು ನುಣುಪು. ಆದರೂ ಅಲ್ಲಿ ದೀಪ ಹಚ್ಚುವವರಿಲ್ಲ. ಯಾವುದೋ ದಂಡು ಬಂದು ದೇವಿಯನ್ನು ಒಡೆಯಿತೆಂದು ಓದಿದವರು ಹೇಳುತ್ತಾರೆ. ಅವರಿಗೇನು, ಏನಾದರೂ ಹೇಳಿಯಾರು. ಊರಿನ ಹಿರಿಯರು ಮಾತ್ರ ಅದನ್ನು ಕಿವುಡೋಜನ ಗುಡಿ ಎನ್ನುತ್ತಾರೆ.

ಹಿಂದೆ ಅದನ್ನು ಕಟ್ಟಿದವನು ಬಮ್ಮೋಜನೆಂಬ ಶಿಲ್ಪಿ. ವಯಸ್ಸಾಗುತ್ತ ಅವನ ಕಿವಿ ಪೂರ್ತಿ ಹೋಗಿತ್ತು. ಅದು ಗೊತ್ತಿದ್ದವಳು ಮಗಳು ಮಾಳವ್ವ ಒಬ್ಬಳೇ. ತುಟಿ ನೋಡಿ ಮಾತು ತಿಳಿಯುವುದನ್ನು ಅವನಿಗೆ ಕಲಿಸಿ, ಗುಟ್ಟನ್ನು ಹೊಟ್ಟೆಯಲ್ಲಿಟ್ಟುಕೊಂಡಿದ್ದಳು. ಶಿಲ್ಪಿಗಳು ಕಲ್ಲನ್ನು ಆರಿಸುವುದು ಕಿವಿಯಿಂದ. ತಟ್ಟಿದಾಗ ಗಂಟೆಯಂತೆ ನುಡಿದರೆ ಗಂಡುಕಲ್ಲು, ದೇವರಿಗೆ. ತಾಳದಂತೆ ನುಡಿದರೆ ಹೆಣ್ಣುಕಲ್ಲು, ದೇವಿಗೆ. ನುಡಿಯದಿದ್ದರೆ ನೆಲಕ್ಕೆ ಹಾಸುವ ಕಲ್ಲು, ಅಷ್ಟೇ. ದೇವಿಯ ಕಲ್ಲು ಆರಿಸುವ ದಿನ ಬಮ್ಮೋಜ ಬಂಡೆಯನ್ನು ತಟ್ಟಿ, ಕೇಳಿಸಿದವನಂತೆ ಆಗಬಹುದೆಂದು ತಲೆಯಾಡಿಸಿದ. ಬಂದ ಸದ್ದು ಒದ್ದೆ ಮಣ್ಣಿಗೆ ಗುದ್ದಿದಂತಿತ್ತು. ಸುತ್ತ ನಿಂತ ಕಲ್ಲುಕುಟಿಗರೆಲ್ಲ ಕೇಳಿದರು. ಗುರುಗಳಾದ ಓಜರೇ ಒಪ್ಪಿದ ಮೇಲೆ ತಪ್ಪು ತಮ್ಮ ಕಿವಿಯದೇ ಎಂದುಕೊಂಡರು. ಬುತ್ತಿ ತಂದಿದ್ದ ಮಾಳವ್ವನೂ ಕೇಳಿದಳು. ಬಾಯಿಬಿಟ್ಟರೆ ನಾಲ್ಕು ಜನರೆದುರು ಅಪ್ಪನ ಮಾನ ಹೋಗುತ್ತದೆ. ಪಾಪ, ಪ್ರೀತಿಯಿಂದಲೇ ಸುಮ್ಮನಾದಳು.

ಬಮ್ಮೋಜ ಮೂರು ವರ್ಷ ಕೆತ್ತಿದ. ಅಂಥ ದೇವಿ ಆ ಸೀಮೆಯಲ್ಲೇ ಇರಲಿಲ್ಲವಂತೆ. ಆ ಮುಖ ಚೆಲುವಾದಷ್ಟೂ ಮಾಳವ್ವ ಅದರತ್ತ ನೋಡದೆ ಬುತ್ತಿ ಇಟ್ಟು ತಿರುಗಿ ಬರುತ್ತಿದ್ದಳು. ದೇವಿಗೆ ಕಣ್ಣು ತೆರೆಸುವ ದಿನ ಮೂರ್ತಿಯನ್ನು ಕೊನೆಯ ಬಾರಿ ತಟ್ಟಿ ಊರಿಗೆಲ್ಲ ಕೇಳಿಸುವುದು ಅಲ್ಲಿನ ವಾಡಿಕೆ. ಬಮ್ಮೋಜ ತಟ್ಟಿದ. ನೆರೆದವರ ಮುಖ ಬಾಡಿದ್ದು ಕಂಡು ಮಗಳತ್ತ ತಿರುಗಿದ.

“ಕಲ್ಲು ನುಡೀತೇನವ್ವಾ?”

“ಇಲ್ಲಪ್ಪಾ. ಅವತ್ತೂ ನುಡಿದಿದ್ದಿಲ್ಲ.”

ಅವನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಎಂದು ಮಾಳವ್ವ ಸಾಯುವತನಕ ಹೇಳುತ್ತಿದ್ದಳಂತೆ. ನುಡಿಯದ ಕಲ್ಲಿಗೆ ಪೂಜೆ ಸಲ್ಲದು; ಇನ್ನೊಂದನ್ನು ಆರಿಸಲು ಅವನಿಗೆ ಕಿವಿಯಿಲ್ಲ, ಬೇರೆಯವರು ಆರಿಸಿದ್ದನ್ನು ಮುಟ್ಟಲು ಮನಸ್ಸಿಲ್ಲ. ಕಣ್ಣು ತೆರೆಸಲು ತಂದ ಚಿನ್ನದ ಉಳಿಯನ್ನು ಕೆಳಗಿಟ್ಟ. ದೇವಿಯನ್ನು ಗರ್ಭಗುಡಿಯ ಬಾಗಿಲೆದುರು ಬೋರಲು ಮಲಗಿಸಿ, ಬೆನ್ನು ನೆಲಕ್ಕೆ ಸಮನಾಗುವಂತೆ ತಾನೇ ಹಾಸಿದ. ಆಮೇಲೆ ಅವನು ಉಳಿ ಹಿಡಿಯಲಿಲ್ಲ, ಮಗಳ ತುಟಿಯತ್ತ ನೋಡಲೂ ಇಲ್ಲ.

ಇಂದು ಬರುವವರಿಗೆ ಅಲ್ಲಿ ಆಳುದ್ದದ ಒಂದು ಚಪ್ಪಡಿ ಕಾಣುತ್ತದೆ. ಅದರ ಮೇಲೆ ನಿಂತೇ ಅವರು ಬಾಗಿಲವಾಡದ ಕೆತ್ತನೆಯನ್ನು ಸವರಿ, ಎಂಥ ಕೈ ಎಂದು ಮೆಚ್ಚುತ್ತಾರೆ.