ಬಾಣಂತಿಯ ತಲೆನೋವು ಬಿಡಿಸಿದ ಬಳೆಗಾರ

"ಕೇಳ್ರಪ್ಪೋ ಕೇಳಿ! ರಾಜಕುಮಾರಿ ಹೇಮಾಂಬೆ ಹೆತ್ತು ಒಂಬತ್ತು ದಿನ, ತಲೆನೋವು ಬಿಟ್ಟಿಲ್ಲ. ಅದರ ಮೂರು ಒಗಟು ಬಿಡಿಸಿದವರಿಗೆ ಕೇಳಿದ್ದು ಸಿಗುತ್ತದೆ. ತಪ್ಪಿದವರಿಗೆ ತಲೆದಂಡ!" ಎಂದು ಡಂಗುರದವನು ಸಾರಿದ.

ಎಂಥ ರಾಜನೋ ಮಾರಾಯ, ಮಗಳ ತಲೆನೋವಿಗೆ ಊರವರ ತಲೆ! ಆಸ್ಥಾನದ ವೈದ್ಯ ಪರದೆಯಾಚೆಯೇ ಕೂತು "ಶೀತ" ಎಂದ. ಮಂತ್ರವಾದಿ "ದೃಷ್ಟಿ" ಎಂದ. ಇಬ್ಬರೂ ತಲೆದಂಡಕ್ಕೆ ಕಾಯುತ್ತಾ ಸೆರೆಮನೆ ಸೇರಿದರು.

ಕೂಸಿಗೆ ಕರಿಬಳೆ ತೊಡಿಸಲು ಬಂದಿದ್ದ ಬಳೆಗಾರ ಸಿದ್ಲಿಂಗನಿಗೆ ಒಳಗೆ ಹೋಗಲು ಅಡ್ಡಿಯಿರಲಿಲ್ಲ. ಹೇಮಾಂಬೆಯ ಊದಿದ ಮುಖ ನೋಡಿದವನೇ ಬಳೆಯ ಗಂಟು ಅಲ್ಲೇ ಬಿಟ್ಟ. ನೆಟ್ಟಗೆ ರಾಜನ ಮುಂದೆ ಹೋಗಿ ನಿಂತ.

"ಬಾಗಿಲು ಮುಚ್ಚಿದರೆ ಬರುತ್ತದೆ, ಬಚ್ಚಲಿಗೆ ಹೋದರೆ ಇಳಿಯುತ್ತದೆ. ಯಾಕೆ?" ಎಂದ ರಾಜ.

"ಅಮ್ಮಾವ್ರನ್ನೇ ಕೇಳ್ತೀನಿ, ಬುದ್ಧಿ." ಸಿದ್ಲಿಂಗ ಒಳಗೆ ಹೋಗಿ ಕೇಳಿ ಬಂದ. "ಮಂಚದ ಕೆಳಗೆ ಹಗಲೂ ರಾತ್ರಿ ಕೆಂಡ. ಕಿಟಕಿಗೆಲ್ಲ ಕಂಬಳಿ. ಕಾವಲಿಗಿರೋ ದಾಸಿಗೂ ತಲೆ ಸಿಡೀತಿದೆಯಂತೆ. ಕೆಂಡದ ಹೊಗೆ, ಬುದ್ಧಿ."

ಕಿಟಕಿ ತೆರೆದರು. ನೋವು ಒಂದಿಷ್ಟು ಇಳಿಯಿತು.

"ಕೂಸು ಹಾಲು ಕುಡಿದಷ್ಟೂ ತಾಯಿಗೆ ನೋವು ಏರುತ್ತದೆ. ಯಾಕೆ?"

"ನಂಜಾಗುತ್ತೆ ಅಂತ ದಿನಕ್ಕೆ ಎರಡೇ ಗುಟುಕು ನೀರು ಕೊಡ್ತಿದ್ದಾರೆ. ಬಾಯಾರಿಕೆ, ಬುದ್ಧಿ."

ಹೇಮಾಂಬೆ ಚೊಂಬು ನೀರು ಗಟಗಟ ಕುಡಿದಳು. ಇನ್ನಷ್ಟು ಇಳಿಯಿತು.

"ಇಷ್ಟಾದರೂ ಹಣೆ ಸಿಡಿಯುತ್ತದೆ. ಕಣ್ಣು ಮುಚ್ಚಿದರೂ ಮಿಂಚು ಕಾಣುತ್ತದೆ. ಯಾಕೆ?"

ಸಿದ್ಲಿಂಗ ಮತ್ತೆ ಒಳಗೋಡಿ ಅವಳ ಕೈ ಹಿಡಿದ. ಬಾತುಕೊಂಡ ಮಣಿಕಟ್ಟಿನಲ್ಲಿ ಬಳೆ ಹೂತುಹೋಗಿತ್ತು. ಅವನು ಕಣ್ಣು ತುಂಬಿಕೊಂಡು ರಾಜನ ಬಳಿಗೆ ಓಡಿಬಂದ.

"ನಮ್ಮಕ್ಕನಿಗೂ ಹೀಗೇ ಆಗಿತ್ತು, ಬುದ್ಧಿ. ನಾವು ಗಂಧ ಹಚ್ಚುತ್ತಾ ಕೂತೆವು, ಅವಳು ಉಳೀಲಿಲ್ಲ. ಇದು ಜೀವಕ್ಕೇ ಕುತ್ತು. ಕಾರಣ ನನಗೆ ಗೊತ್ತಿಲ್ಲ. ಹೊಳೆಯಾಚೆ ವೈದ್ಯೆ ನೀಲವ್ವನಿಗೆ ಗೊತ್ತು. ಈಗಲೇ ಕರಕೊಂಡು ಹೋಗಿ!"

"ಗೊತ್ತಿಲ್ಲ ಅಂದರೆ ತಲೆದಂಡ, ಗೊತ್ತಲ್ಲ?"

"ತಗೊಳ್ಳಿ ಬುದ್ಧಿ. ಮೊದಲು ಪಲ್ಲಕ್ಕಿ ಹೊರಡಲಿ."

ರಾಜ ತಾನೇ ಎದ್ದು ಪಲ್ಲಕ್ಕಿ ಹೊರುವವರನ್ನು ಕೂಗಿದ. ಪಲ್ಲಕ್ಕಿ ಹೊರಟಿತು.

ನೀಲವ್ವ ಕೈಕಾಲು ನೋಡಿದವಳೇ, "ರಕ್ತದ ಒತ್ತಡ ತಲೆಗೇರಿದೆ. ಒಂದು ದಿನ ತಡವಾಗಿದ್ದರೆ ನನ್ನ ಕೈಲೂ ಆಗುತ್ತಿರಲಿಲ್ಲ," ಎಂದಳು. ಹದಿನೈದು ದಿನ ತಾಯಿಯನ್ನೂ ಕೂಸನ್ನೂ ಅಲ್ಲೇ ಇಟ್ಟುಕೊಂಡು ಔಷಧ ಕೊಟ್ಟಳು.

ಇತ್ತ ಮಗಳು ಉಳಿದಳೆಂಬ ಸುದ್ದಿ ಬಂದಾಗ ರಾಜ ತಲೆದಂಡದ ಮಾತು ಬಿಟ್ಟು ಸಿದ್ಲಿಂಗನಿಗೆ, "ಅರ್ಧ ರಾಜ್ಯ ಕೇಳು," ಎಂದ.

"ರಾಜ್ಯ ಕಟ್ಟಿಕೊಂಡು ನಾನೇನ್ ಮಾಡ್ಲಿ? ಸೆರೆಯಲ್ಲಿರೋ ಆ ಇಬ್ಬರನ್ನ ಬಿಡಿ. ಗೊತ್ತಿಲ್ಲ ಅಂದವನ ತಲೆ ಉಳಿಯೋ ಹಾಗೆ ಕಾನೂನು ಮಾಡಿ. ಇಲ್ದಿದ್ರೆ ಎಲ್ಲರೂ ಗೊತ್ತು ಅಂತಲೇ ಹೇಳ್ತಾರೆ."

ರಾಜ ಹಾಗೇ ಮಾಡಿದ. ಸಿದ್ಲಿಂಗನಿಗೆ ಒಂದು ಮನೆ, ಒಂದು ಕುದುರೆಯನ್ನೂ ಕೊಟ್ಟ.

ಮಗಳು ಕೂಸಿನೊಂದಿಗೆ ಮರಳಿದ ದಿನ ರಾಜ ವೈದ್ಯರನ್ನು ಕರೆಸಲಿಲ್ಲ. ತಾನೇ ಅವಳ ಪಕ್ಕ ಕೂತ.

"ಈಗ ಹೇಗಿದೆ ಮಗಳೇ?"

"ತಲೆ ಹಗುರಾಗಿದೆ ಅಪ್ಪಾಜಿ. ಹೊಟ್ಟೆ ಹಸೀತಿದೆ."